ಬಲಗೆನ್ನೆಯ ಮಚ್ಚೆ

ಗಲ್ಫಿನ ಶುವೈಖ್‌ನ ಪ್ರೆಸ್ಸಿನಲ್ಲಿ ಮಥಾಯಸ್ ಮೊದಲ ಪ್ರತಿಯನ್ನು ಎತ್ತಿ ಬೆಳಕಿಗೆ ಹಿಡಿದ. ತೀರಿಹೋದ ಹೆಂಡತಿ ನ್ಯಾನ್ಸಿಯ ಮುಖ. ಶುಕ್ರವಾರ ಅವಳ ವರ್ಷದ ಪೂಜೆ; ಚರ್ಚಿನಲ್ಲಿ ಹಂಚುವ ನೆನಪಿನ ಕಾರ್ಡಿಗೆ ಈ ಚಿತ್ರ. ಕೂದಲಿನ ಎಳೆ ಎಳೆಯೂ ಬಂದಿತ್ತು. ಆದರೆ ಎಡಗೆನ್ನೆಯ ಮಚ್ಚೆ ಬಲಗೆನ್ನೆಗೆ ಹೋಗಿತ್ತು.

ಕೆತ್ತಿದವರು ಫ್ರಾನ್ಸಿನ ಎಟಿಯೆನ್. ತಮ್ಮ ಮಗಳ ಜೊತೆ ಇಲ್ಲಿಯೇ ಅಬು ಹಲೀಫಾದಲ್ಲಿದ್ದರು. ಅವರ ಮರದ ಅಚ್ಚುಗಳನ್ನೆಲ್ಲ, ಹಾಯಿದೋಣಿ, ಮೀನು ಮಾರುಕಟ್ಟೆ, ಧೂಳಿನ ಬೀದಿ, ವರ್ಷಗಳಿಂದ ಕಾಗದಕ್ಕೆ ಇಳಿಸಿದ್ದು ಮಥಾಯಸ್. ಈಗ ಅವರ ನೋಟದ ನಡುಭಾಗ ಮಸುಕಾಗಿದೆ. ಓರೆಯಾಗಿ ನೋಡುತ್ತ, ಬೆರಳಿನಿಂದ ತಡವುತ್ತ ಇದನ್ನು ಕೆತ್ತಿದ್ದರು. ಇದೇ ಕೊನೆಯದು ಎಂದೂ ಹೇಳಿದ್ದರು.

"ಎಂತ ಪಪ್ಪಾ?" ಮಥಾಯಸನ ಮಗಳು ಟೀನಾ ಬಗ್ಗಿ ನೋಡಿದಳು. "ಓ ನೋ. ಕೆತ್ತಲಿಕ್ಕೆ ನಾನು ಕೊಟ್ಟದ್ದು ಮಮ್ಮಾನ ಸೆಲ್ಫಿ."

ಚಿತ್ರವನ್ನು ಮರದ ಮೇಲೆ ತಿರುಗಿಸಿ ಕೆತ್ತಿದರೆ ಕಾಗದದಲ್ಲಿ ನೇರ ಬರುತ್ತದೆ. ಆ ಸೆಲ್ಫಿಯೋ ಕನ್ನಡಿಯ ಹಾಗೆ ಮೊದಲೇ ತಿರುಗಿದ್ದು. ಹಾಗಾಗಿ ಮರದ ಮೇಲೆ ನ್ಯಾನ್ಸಿ ಸರಿಯಾಗಿದ್ದಳು, ಕಾಗದದ ಮೇಲೆ ಅಲ್ಲ.

ಮೂಲೆಯ ಕುರ್ಚಿಯಿಂದ ಎಟಿಯೆನ್ ಇಂಗ್ಲಿಷಿನಲ್ಲಿ ಕೇಳಿದರು: "ಹೇಗಿದೆ? ಸುಳ್ಳು ಹೇಳಬೇಡ."

ಮಥಾಯಸ್ ಹೇಳಿದ. ಮುದುಕರು ಕನ್ನಡಕ ತೆಗೆದು ಒರೆಸಿದರು. ಅದರಿಂದ ಪ್ರಯೋಜನವಿಲ್ಲ ಎಂದು ಮೂವರಿಗೂ ಗೊತ್ತಿತ್ತು.

"ಮಚ್ಚೆಯನ್ನು ತೆಗೆದುಬಿಡಬಹುದು. ಎಡಗೆನ್ನೆಗೆ ಹಾಕಲು ಆಗುವುದಿಲ್ಲ. ಅಲ್ಲಿನ ಮರ ಆಗಲೇ ಕೆತ್ತಿ ಹೋಗಿದೆ. ಹೊಸದು ಕೆತ್ತುವ ಕಣ್ಣು ನನಗಿಲ್ಲ."

"ತೆಗೆದರೆ ಅದು ನ್ಯಾನ್ಸಿಯೇ ಅಲ್ಲ ಸರ್."

"ಇಟ್ಟರೆ ಚರ್ಚಿನ ಪ್ರೀಮಾ ಆಂಟಿ ಪೂಜೆ ಮುಗಿಯೋ ಮೊದಲೇ ಕೇಳ್ತಾರೆ," ಎಂದಳು ಟೀನಾ. "ಅವರು ಫಸ್ಟ್ ನೋಡೋದೇ ತಪ್ಪು."

ಎಟಿಯೆನ್ ಸಣ್ಣ ಉಳಿಯನ್ನು ಕೈಗೆತ್ತಿಕೊಂಡರು. "ಎಲ್ಲಿದೆ? ಬೆರಳಿಟ್ಟು ತೋರಿಸು."

ಮಥಾಯಸ್ ಅಚ್ಚಿನ ಮಸಿ ಒರೆಸಿ ಬೆರಳಿಟ್ಟ. ಸಾಸಿವೆಯಷ್ಟು ಉಬ್ಬು.

"ಈಗ ಬೆರಳು ತೆಗೆ."

ಅವನು ತೆಗೆಯಲಿಲ್ಲ. ಒಂದು ವರ್ಷದಿಂದ ಅವಳದ್ದನ್ನು ಒಂದೊಂದಾಗಿ ತೆಗೆಯುತ್ತಲೇ ಬಂದಿದ್ದ: ಕಪಾಟಿನ ಬಟ್ಟೆ, ಔಷಧಿ, ಫೋನಿನ ಸಿಮ್. ಸಾಕಾಗಿತ್ತು.

"ಪಪ್ಪಾ," ಟೀನಾ ಮೆಲ್ಲಗೆ ಹೇಳಿದಳು, "ಕನ್ನಡಿಯಲ್ಲಿ ಮಮ್ಮಾ ಡೈಲಿ ನೋಡ್ತಿದ್ದದ್ದು ಈ ಮುಖವನ್ನೇ ಅಲ್ವಾ?"

ಮಥಾಯಸ್ ಆ ಉಬ್ಬನ್ನು ಒಮ್ಮೆ ಸವರಿ, "ಖಲಾಸ್ ಸರ್, ಸಾಕು. ಇರಲಿ," ಎಂದ.

ಎಟಿಯೆನ್ ಉಳಿಯನ್ನು ಕೆಳಗಿಟ್ಟರು.

ಮಥಾಯಸ್ ಅಚ್ಚಿಗೆ ಮತ್ತೆ ಮಸಿ ಹಚ್ಚಿದ. "ಪ್ರೀಮಾ ಕೇಳಿದರೆ ನನ್ನ ಹತ್ರ ಕಳಿಸು," ಎಂದು ಟೀನಾಗೆ ಹೇಳಿ ಮುಂದಿನ ಕಾಗದ ಇಟ್ಟ.