ವಾರಸುದಾರರಿಲ್ಲದ ಎಮ್ಮೆ

ಚಿಕ್ಕಸಿದ್ದಮ್ಮ ಕೃಷ್ಣರಾಜನಗರದ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಮಿರ್ಲೆಯ ಆಚೆಗಿನ ಬೀರನಕೊಪ್ಪಲಿನಿಂದ ಅವಳು ನಡೆದೇ ಬಂದಿದ್ದಳು. ಸೆರಗಿನ ಗಂಟು ಬಿಚ್ಚಿ, ಅರ್ಧ ಮೇಯ್ದ ಕುಂಬಳದ ಬಳ್ಳಿಯೊಂದನ್ನು ತೆಗೆದು ದಫೇದಾರ ಲಿಂಗಯ್ಯನ ಮೇಜಿನ ಮೇಲಿಟ್ಟಳು.

“ಇಂಥವು ಅನ್ನೊಂದು ಬಳ್ಳಿ ಓದವು ಸ್ವಾಮಿ. ಬರ್ಕಳಿ.”

ಲಿಂಗಯ್ಯ ಬಳ್ಳಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

“ಕೊಲೆ ಆದ್ರೆ, ದರೋಡೆ ಆದ್ರೆ, ಬೆಂಕಿ ಬಿದ್ರೆ ಇಲ್ಲಿಗೆ ಓಡಿ ಬರ್ಬೇಕು ಕಣಮ್ಮ. ಬಾಕಿದ್ದನ್ನೆಲ್ಲ ನಿಮ್ಮೂರ ಪಟೇಲರಿಗೆ ಹೇಳು. ಅವರು ಬರೆದು ವಾರಕ್ಕೊಂದು ಸಲ ಇಲ್ಲಿಗೆ ಕಳಿಸ್ತಾರೆ.”

“ಮೇಯ್ದಿದ್ದೇ ಪಟೇಲ್ರ ಎಮ್ಮೆ ಕಣ್ರೀ.”

“ಅದನ್ನೂ ಹೇಳು.”

“ಯಾರ್ಗೆ?”

“ಪಟೇಲರಿಗೆ.”

ಚಿಕ್ಕಸಿದ್ದಮ್ಮ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಅವನೇನೂ ತಮಾಷೆ ಮಾಡುತ್ತಿರಲಿಲ್ಲ. ಬಳ್ಳಿಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಊರ ದಾರಿ ಹಿಡಿದಳು.

ಪಟೇಲ ಷಣ್ಮುಖಪ್ಪ ಕೆಟ್ಟ ಮನುಷ್ಯನಲ್ಲ. ತನ್ನ ಬರವಣಿಗೆಯ ಮೇಲೆ ಅವನಿಗೆ ತುಸು ಹೆಚ್ಚೇ ಅಭಿಮಾನ, ಅಷ್ಟೆ. ಬೀರನಕೊಪ್ಪಲಿನಲ್ಲಿ ಬರೆಯುವಂಥದ್ದು ಏನೂ ನಡೆಯುತ್ತಿರಲಿಲ್ಲ. ಆದರೂ ಏನೂ ನಡೆಯಲಿಲ್ಲ ಎಂಬುದನ್ನೇ ಅವನು ವಾರವಾರವೂ ಒಂದು ಪುಟ ತುಂಬ ಬರೆದು ಕಳಿಸುತ್ತಿದ್ದ. ಹಿಂದೊಮ್ಮೆ, ಕಳೆದುಹೋದ ಹಸುವೊಂದರ ವರದಿ “ಗುರುತು ಸಾಲದು” ಎಂಬ ಷರಾದೊಂದಿಗೆ ಠಾಣೆಯಿಂದ ವಾಪಸು ಬಂದಿತ್ತು. ಆ ಅವಮಾನವನ್ನು ಅವನು ಮರೆತಿರಲಿಲ್ಲ. ಅಂದಿನಿಂದ ಒಂದು ಕೋಳಿ ಕಳೆದರೂ ಅದರ ಜುಟ್ಟು ಯಾವ ಕಡೆಗೆ ವಾಲಿತ್ತು ಎಂದು ಬರೆಯದೆ ಬಿಡುತ್ತಿರಲಿಲ್ಲ.

ಮರುದಿನ ಚಾವಡಿಯಲ್ಲಿ ಚಿಕ್ಕಸಿದ್ದಮ್ಮ ಅವನೆದುರು ಕುಳಿತಳು.

“ಬರ್ಕಳಿ ಪಟೇಲ್ರೇ. ನಿಮ್ಮ ಎಮ್ಮೆ ನನ್ನ ಇತ್ತಲಿಗೆ ನುಗ್ಗಿ...”

“ತಾಳು, ತಾಳು. ನನ್ನದೇ ಅಂತ ಎಂಗೆ ಹೇಳ್ತೀಯ? ಅದರ ಮೈಮೇಲೆ ಎಸ್ರು ಬರ್ದಿತ್ತಾ?”

“ನಂಗೆ ಓದಾಕೆ ಬರಾಕಿಲ್ಲ. ಮೇಯ್ದಾದ್ಮೇಲೆ ನಿಮ್ಮ ಕೊಟ್ಗೆಗೇ ಓಯ್ತು.”

ಷಣ್ಮುಖಪ್ಪ ಗಂಟಲು ಸರಿಮಾಡಿಕೊಂಡು ಬರೆಯತೊಡಗಿದ. ಬರೆದ, ಯೋಚಿಸಿದ, ಮತ್ತೆ ಬರೆದ. ಮೊದಮೊದಲು ತಡೆದು ತಡೆದು ಹೋಗುತ್ತಿದ್ದ ಲೇಖನಿ ಗುರುತಿನ ಭಾಗಕ್ಕೆ ಬಂದಾಗ ಓಡತೊಡಗಿತು. ಕೊನೆಗೆ ಅವಳು ಓದಲು ಹೇಳಿದಾಗ ಮೇಲಿನ ನಾಲ್ಕು ಸಾಲನ್ನಷ್ಟೇ ಗಂಭೀರವಾಗಿ ಓದಿದ.

“ನಿಮ್ಮ ಎಮ್ಮೆ ಅಂದಿದ್ದು ಕೇಳ್ನಿಲ್ವಲ್ಲ,” ಎಂದಳು ಚಿಕ್ಕಸಿದ್ದಮ್ಮ.

“ಅದು ಒಳಗೇ ಐತೆ. ಸರ್ಕಾರಿ ಬರವಣಿಗೆ ಅಂಗೇ ಇರೋದು.”

ಅವಳಿಗೆ ನಂಬಿಕೆ ಬರಲಿಲ್ಲ. ಆದರೂ ಹೆಬ್ಬೆಟ್ಟು ಒತ್ತಿದಳು. ತಳವಾರ ಸಣ್ಣಬೀರಯ್ಯ ಕಾಗದವನ್ನು ಠಾಣೆಗೆ ಒಯ್ದ.

ಎರಡು ದಿನ ಕಳೆದು ದಫೇದಾರ ಲಿಂಗಯ್ಯನೇ ಸೈಕಲ್ಲಿನಲ್ಲಿ ಬಂದಿಳಿದ. ಚಾವಡಿಗೆ ಚಿಕ್ಕಸಿದ್ದಮ್ಮನನ್ನೂ ಕರೆಸಿದ. ಹತ್ತಾರು ಜನ ತಾವಾಗಿಯೇ ಸೇರಿದರು. ಲಿಂಗಯ್ಯ ವರದಿ ಬಿಚ್ಚಿ ಗಟ್ಟಿಯಾಗಿ ಓದಿದ.

“ವಾರಸುದಾರರು ಯಾರೆಂದು ತಿಳಿಯದ ಒಂದು ಎಮ್ಮೆ. ಬಲಗೊಂಬು ಬಾಗಿ ಕಿವಿಗೆ ತಾಗುವಂತಿದೆ. ಹಣೆಯಲ್ಲಿ ಅವರೆಕಾಳಿನಷ್ಟು ಬಿಳಿ. ಎಡಗಿವಿಯ ತುದಿ ಹರಿದಿದೆ. ಮೂರನೆಯ ಸೂಲು. ಹೊತ್ತಿಗೆ ಮೂರು ಸೇರು ಹಾಲು. ತೌಡು ಇಡದೆ ಹಿಂಡಲು ಕುಳಿತರೆ ಒದೆಯುತ್ತದೆ. ಹೆಸರು ಗೌರಿ.”

ಸಣ್ಣಬೀರಯ್ಯನಿಗೆ ಕೆಮ್ಮು ಬಂತು. ಅವನು ಕಂಬದ ಮರೆಗೆ ಹೋದ.

“ಗುರುತು ಅಂದ್ರೆ ಇದು ಪಟೇಲರೆ,” ಎಂದ ಲಿಂಗಯ್ಯ. “ಇಷ್ಟು ಚೆನ್ನಾಗಿ ಬರೆದ ವರದಿ ನಮ್ಮ ಠಾಣೆಗೆ ಬಂದೇ ಇಲ್ಲ.”

ಎಷ್ಟು ತಡೆದುಕೊಂಡರೂ ಷಣ್ಮುಖಪ್ಪನ ಮುಖ ಅರಳಿತು. “ಏನೋ ನಮ್ಮ ಕೈಲಾದಷ್ಟು,” ಎಂದ.

“ಇನ್ನು ಹುಡುಕೋದು ಸುಲಭ. ವಾರಸುದಾರರಿಲ್ಲ ಅಂದ್ಮೇಲೆ ಬೀಡಾಡಿ ದನದ ದೊಡ್ಡಿಗೆ ಹೊಡೀಬೇಕು. ಯಾರೂ ಬಿಡಿಸಿಕೊಳ್ಳದಿದ್ರೆ ಹರಾಜು. ಸಣ್ಣಬೀರಯ್ಯ, ಹೋಗು. ಈ ಗುರುತಿನ ಎಮ್ಮೆ ಎಲ್ಲಿದ್ರೂ ಹಿಡ್ಕೊಂಡು ಬಾ.”

ಸಣ್ಣಬೀರಯ್ಯನಿಗೆ ಹುಡುಕುವ ಕಷ್ಟವೇನೂ ಬೀಳಲಿಲ್ಲ. ಚಾವಡಿಯ ಹಿಂದಿದ್ದ ಪಟೇಲನ ಕೊಟ್ಟಿಗೆಗೆ ಹೋಗಿ ಎಮ್ಮೆ ಹಿಡಿದು ತಂದ. ಗೌರಿ ಜನರ ನಡುವೆ ನಿಧಾನವಾಗಿ ನಡೆದು ಬಂದು, ಷಣ್ಮುಖಪ್ಪನ ಹತ್ತಿರ ನಿಂತು, ಅವನ ಹೆಗಲ ವಲ್ಲಿಯನ್ನು ಮೂಸಿತು. ಆಮೇಲೆ ಅದರ ಅಂಚನ್ನು ಬಾಯಿಗೆ ಹಾಕಿಕೊಂಡಿತು.

ಷಣ್ಮುಖಪ್ಪ ವಲ್ಲಿಯನ್ನು ಎಳೆದುಕೊಳ್ಳುತ್ತ ನೆಲ ನೋಡಿದ.

“ನಂದೇ ಇರ್ಬೋದು ಅಂತ ಕಾಣ್ತದೆ,” ಎಂದ.

“ಇರ್ಬೋದು ಅಂದ್ರೆ ಸಾಲ್ದು ಪಟೇಲರೆ. ಬರೆದುಕೊಡಿ.”

ಷಣ್ಮುಖಪ್ಪ ಕಾಗದ ತೆಗೆದು, “ಎಮ್ಮೆ ನನ್ನದು” ಎಂದು ಬರೆದು ರುಜು ಹಾಕಿದ. ಅಷ್ಟು ಚಿಕ್ಕ ವರದಿಯನ್ನು ಅವನು ಹಿಂದೆಂದೂ ಬರೆದಿರಲಿಲ್ಲ.

ತೀರ್ಮಾನಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಹಿತ್ತಲಿಗೆ ಪಟೇಲನೇ ಮುಳ್ಳುಬೇಲಿ ಹಾಕಿಸಬೇಕು. ಹೊಸ ಬಳ್ಳಿ ಕಾಯಿ ಬಿಡುವವರೆಗೆ ಚಿಕ್ಕಸಿದ್ದಮ್ಮನ ಮನೆಗೆ ದಿನಕ್ಕೊಂದು ಚೊಂಬು ಮಜ್ಜಿಗೆ ಕಳಿಸಬೇಕು. ಷಣ್ಮುಖಪ್ಪ ಮರುಮಾತಿಲ್ಲದೆ ಒಪ್ಪಿದ.

“ಮಜ್ಗೆ ಚೆನ್ನಾಗೇ ಇರ್ತದೆ ಬುಡಿ,” ಎಂದಳು ಚಿಕ್ಕಸಿದ್ದಮ್ಮ. “ನನ್ನ ಕುಂಬಳ ತಿಂದಿರೋ ಎಮ್ಮೆ ಅಲ್ವಾ.”

ಎಲ್ಲರೂ ನಕ್ಕರು. ಷಣ್ಮುಖಪ್ಪನೂ ತಡವಾಗಿ ನಕ್ಕ.

ಲಿಂಗಯ್ಯ ಹೊರಡಲು ಎದ್ದಾಗ ಅವಳು ಅಡ್ಡ ನಿಂತಳು.

“ನನ್ನ ಇತ್ತಲ ಬಗ್ಗೆ ಬರ್ದಿರೋದ್ನೂ ಓದಿ ಸ್ವಾಮಿ.”

ಅವನು ಓದಿದ. ಹನ್ನೊಂದು ಬಳ್ಳಿ, ನಾಲ್ಕರಲ್ಲಿ ಕಾಯಿ ಹಿಡಿದಿತ್ತು, ಉಳಿದವು ಹೂವಿನಲ್ಲಿದ್ದವು, ಮಣ್ಣು ಹದವಾಗಿತ್ತು, ಗುಣಿಗೆ ಗೊಬ್ಬರ ಸಾಕಷ್ಟು ಬಿದ್ದಿತ್ತು. ಚಿಕ್ಕಸಿದ್ದಮ್ಮ ತಲೆಯಾಡಿಸುತ್ತ ಕೇಳಿದಳು. ತನ್ನ ಹಿತ್ತಲಿನ ಬಗ್ಗೆ ಇಷ್ಟೆಲ್ಲ ಯಾರೂ ಅದುವರೆಗೆ ಹೇಳಿರಲಿಲ್ಲ.

“ನನ್ನೆಸ್ರು ಎಲ್ಲೈತೆ?”

ಲಿಂಗಯ್ಯ ಬೆರಳಿಟ್ಟು ತೋರಿಸಿದ. ಅವಳು ಬಾಗಿ ನೋಡಿದಳು.

“ಇಷ್ಟುದ್ದ ಐತಾ?”

ಷಣ್ಮುಖಪ್ಪ ಅವಳ ಹಿಂದಿನಿಂದ ಇಣುಕಿದ. “ಮೂರು ಒತ್ತಕ್ಷರ ಐತೆ ಕಣಮ್ಮ,” ಎಂದ. “ಮೂರೂ ಚೆನ್ನಾಗಿ ಬಂದವೆ, ನೋಡು.”