ಅಗಸಿಯ ಈ ಕಡೆ

ನಲವತ್ತು ವರ್ಷ ಊರೂರು ತಿರುಗಿ ಪುರಾಣ ಹೇಳಿದ ಬಸಂತರಾಯರಿಗೆ ಮಗಳು ಕೇಳಿದ ನಾಲ್ಕು ಶಬ್ದದ ಪ್ರಶ್ನೆಗೆ ಉತ್ತರ ಕೊಡಲಾಗಲಿಲ್ಲ. ಸೊಲ್ಲಾಪುರದಿಂದ ಇಂಡಿಗೆ ಬರುವ ಬಸ್ಸಿನಲ್ಲಿ ವಿದ್ಯಾವತಿ ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ನಿದ್ದೆ ಹತ್ತಿದೆ ಎಂದು ಅವರು ತಿಳಿದಿದ್ದರು. ಕಣ್ಣು ತೆರೆಯದೆಯೇ ಕೇಳಿದಳು:

"ಅಪ್ಪಾ, ಇನ್ನ ಸಾಕ ಮಾಡೂಣೇನು?"

ಏನನ್ನು ಎಂದು ಅವರು ಕೇಳಲಿಲ್ಲ. ಮಗಳ ಎರಡೂ ಮೂತ್ರಪಿಂಡ ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ವಾರಕ್ಕೆರಡು ಸಲ, ಸೋಮವಾರ ಮತ್ತು ಗುರುವಾರ, ಸೊಲ್ಲಾಪುರದ ದವಾಖಾನೆಯಲ್ಲಿ ಯಂತ್ರಕ್ಕೆ ಕೈಯೊಡ್ಡಿ ನಾಲ್ಕು ತಾಸು ಮಲಗಿ ರಕ್ತ ತೊಳೆಸಿಕೊಂಡು ಬರಬೇಕು. ತಂದೆಯ ಮೂತ್ರಪಿಂಡ ಹೊಂದಲಿಲ್ಲ, ಸೋದರತ್ತೆಯದೂ ಹೊಂದಲಿಲ್ಲ. ಈಗೀಗ ಸೂಜಿ ಚುಚ್ಚಲು ಕೈಯಲ್ಲಿ ನರವೇ ಸಿಗುತ್ತಿರಲಿಲ್ಲ, ಹೃದಯವೂ ದಣಿದಿತ್ತು. ಡಾಕ್ಟರು ಇಬ್ಬರನ್ನೂ ಕೂಡಿಸಿಕೊಂಡು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಹೀಗೆಯೇ ನಡೆಸಿದರೆ ಎರಡು ಮೂರು ತಿಂಗಳು ಎಳೆಯಬಹುದು, ಆದರೆ ಅದು ಬರೀ ಹಿಂಸೆ. ಬಿಟ್ಟರೆ ವಾರವೋ ಹತ್ತು ದಿನವೋ. ನೋವಾಗದ ಹಾಗೆ ಔಷಧಿ ಕೊಡುತ್ತೇವೆ, ಮನೆಯಲ್ಲಿ ಮಾತಾಡಿಕೊಳ್ಳಿ ಎಂದಿದ್ದರು.

ವಿದ್ಯಾವತಿಗೆ ಮೂವತ್ತೊಂದು ವರ್ಷ. ತನ್ನ ನಿರ್ಧಾರ ತಾನೇ ಹೇಳಿಬಿಡಬಹುದಿತ್ತು. ಆದರೆ ತಂದೆ ಬಾಯಿ ಬಿಟ್ಟು ಒಂದು ಸಲ ಹೂಂ ಅನ್ನದ ಹೊರತು ಹೋಗಲು ಅವಳಿಗೆ ಮನಸ್ಸಿರಲಿಲ್ಲ. ಬಸಂತರಾಯರಾದರೋ ದಿನಾ ಬೆಳಿಗ್ಗೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತವರು ಮಂತ್ರ ಮರೆತು ಸುಮ್ಮನೆ ಅದರ ಮೇಲಿನ ಹೊಳಪು ನೋಡುತ್ತಿದ್ದರು. ಎಷ್ಟು ಊರಲ್ಲಿ ಎಷ್ಟು ಸಾವುಗಳನ್ನು ಹೇಳಿ ಮುಗಿಸಿದ ಮನುಷ್ಯ! ಬಾಗೇವಾಡಿಯಲ್ಲಿ, ಮುದ್ದೇಬಿಹಾಳದಲ್ಲಿ, ಶ್ರಾವಣವಿಡೀ ನಾಲತವಾಡದಲ್ಲಿ, 'ಬಯಲು ಬಯಲಲ್ಲಿ ಬೆರೆಯಿತು' ಎಂದು ಅವರು ದನಿ ಇಳಿಸಿದರೆ ಕೂತ ಜನ ಸೆರಗಿನಿಂದ, ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಮಾತು ಈಗ ಮನೆಯ ಹೊಸ್ತಿಲ ಹತ್ತಿರ ಬಂದು ನಿಂತರೆ ಅವರಿಗೆ ಅದರ ಗುರುತೇ ಸಿಗಲಿಲ್ಲ.

ಹೇಳಬೇಕಾದದ್ದನ್ನು ಬಿಟ್ಟು ತಂದೆ ಮಗಳು ಆಗ ಒಂದು ಆಟದ ಬಗ್ಗೆ ಮಾತಾಡುತ್ತಿದ್ದರು.

ಕಾಯಿಲೆಯಿಂದ ವಿದ್ಯಾವತಿ ಸಾಲೆಯ ಕೆಲಸ ಬಿಡಬೇಕಾಗಿ ಬಂದಾಗ, ಬಸ್ ನಿಲ್ದಾಣದ ಹಿಂದೆ ಕಂಪ್ಯೂಟರ್ ಕ್ಲಾಸು ನಡೆಸುವ ಸುಭಾಸ ತನ್ನ ಹಳೆಯ ಕಂಪ್ಯೂಟರೊಂದನ್ನು ಅವಳ ಮಂಚದ ಪಕ್ಕಕ್ಕೆ ತಂದಿಟ್ಟು, ಅದರಲ್ಲೊಂದು ಆಟ ಹಾಕಿಕೊಟ್ಟು ಹೋಗಿದ್ದ. ಹೊಡೆದಾಟದ ಆಟವಲ್ಲ. ಒಂದು ನಾಡಿನಲ್ಲಿ ಎಲ್ಲರ ಒಲೆಯೂ ಆರಿಹೋಗಿದೆ. ಒಬ್ಬ ಹುಡುಗಿ ಮೊದಲ ಊರಿನಿಂದ ಕಡೆಯ ಊರಿಗೆ ಗಡಿಗೆಯಲ್ಲಿ ಕೆಂಡ ಹೊತ್ತು ನಡೆಯಬೇಕು. ಎರಡನೆಯ ಊರು ದಾಟಿದ ಮೇಲೆ ಒಬ್ಬ ಮುದುಕ ಜೊತೆಯಾಗುತ್ತಾನೆ. ಕೆಂಡಕ್ಕೆ ಬೂದಿ ಮುಚ್ಚಿ ಕಾಯುವುದು ಅವನಿಗೆ ಗೊತ್ತು. ತಂಗಿದಲ್ಲೆಲ್ಲ ಒಂದೊಂದು ಕಥೆ ಹೇಳುತ್ತಾನೆ. ಮಾತೆಲ್ಲ ಇಂಗ್ಲಿಷಿನಲ್ಲಿ ಪರದೆಯ ಮೇಲೆ ಮೂಡುತ್ತದೆ. ವಿದ್ಯಾವತಿ ಓದಿ ಕನ್ನಡದಲ್ಲಿ ಹೇಳುವಳು, ಬಸಂತರಾಯರು ಗೋಡೆಗೆ ಒರಗಿ ಕೇಳುವರು. ಜೀವಮಾನದಲ್ಲಿ ಕೇಳುವವರ ಜಾಗದಲ್ಲಿ ಅವರು ಕೂತದ್ದು ಅದೇ ಮೊದಲು.

ಗುರವ್ವನಿಗೆ, ಅಂದರೆ ಬಸಂತರಾಯರ ಅಕ್ಕನಿಗೆ, ಇದು ಬಗೆಹರಿಯದ ಸಂಗತಿ. "ಒಬ್ಬಾಕಿ ಕಥಿ ಒತ್ತತಾಳ, ಒಬ್ಬಾಂವ ಕಥಿ ನೋಡತಾನ. ಕೇಳಾಂವ ಯಾರ ಇಲ್ಲಿ, ನಾನ?" ಎಂದು ರೊಟ್ಟಿ ಬಡಿಯುತ್ತಲೇ ಅನ್ನುತ್ತಿದ್ದಳು.

ಮೊದಮೊದಲು ಬಸಂತರಾಯರದೂ ತಕರಾರೇ. ಮೂರನೆಯ ಊರಿನಿಂದ ನಾಲ್ಕನೆಯದಕ್ಕೆ ಹೋಗುವ ದಾರಿ ಒಂದು ತಾಸಿನ ದಾರಿ. ಮರವಿಲ್ಲ, ಮನುಷ್ಯರಿಲ್ಲ, ಬರೀ ಕರಿಮಣ್ಣು ಮತ್ತು ಗಾಳಿ. ಇದನ್ನು ಕಟ್ಟಿದವನಿಗೆ ಕಥೆ ಗೊತ್ತಿಲ್ಲ, ಕೇಳುವವರು ಎದ್ದು ಹೋಗುತ್ತಾರೆ ಎಂದು ಅವರು ಅಂದರು. ವಿದ್ಯಾವತಿ ನಕ್ಕಳು. ಕನ್ನೊಳ್ಳಿಯ ಗುಡಿಯಲ್ಲಿ ಅವರು ಹಿಂದೊಮ್ಮೆ ರಾಣಿಯ ಸಾವಿನ ಪ್ರಸಂಗ ಹೇಳಬೇಕಾದ ದಿನ, ಮುಂದಿನ ಸಾಲಿನಲ್ಲಿ ಮೊನ್ನೆಯಷ್ಟೇ ತಾಯಿಯನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳು ಕೂತದ್ದು ಕಂಡು, ಮೂರು ದಿನ ರಾಣಿಯ ತವರಿನ ದಾರಿಯನ್ನೇ ಬಣ್ಣಿಸಿದ್ದರು. ಅದನ್ನು ನೆನಪಿಸಿ, ಜೊತೆಗೆ ಇಷ್ಟು ದೂರ ನಡೆಯದಿದ್ದರೆ ಮುದುಕನ ಮೇಲೆ ಮಾಯೆ, ಮಮತೆ ಹುಟ್ಟುವುದೆಲ್ಲಿಂದ ಎಂದು ಕೇಳಿದಳು. ಬರಿದಾರಿಯೂ ಕಟ್ಟಿದವನ ಮಾತೇ. ಅವನು ಅದನ್ನು ಅಕ್ಷರದಲ್ಲಿ ಬರೆಯದೆ ನಮ್ಮ ಕಾಲಿಗೆ ಬಿಟ್ಟಿದ್ದಾನೆ ಎಂದಳು. ಬಸಂತರಾಯರು ಅವತ್ತು ಪಂಚಾಂಗದ ಹಿಂಬದಿಗೆ ಆ ಮಾತು ಬರೆದುಕೊಂಡರು.

ಇನ್ನೊಂದು ಮಧ್ಯಾಹ್ನ ವಿಧಿಯ ಮಾತು ಬಂತು. ಆಟದಲ್ಲಿ ಎಡದಾರಿ, ಬಲದಾರಿ ಎರಡನ್ನೂ ಕಟ್ಟಿದವನೇ ಮೊದಲೇ ಬರೆದಿಟ್ಟ ಮೇಲೆ ನೀನು ಆರಿಸಿದೆ ಅನ್ನುವುದರಲ್ಲಿ ಅರ್ಥವೇನು ಎಂದು ಅವರು ಕೇಳಿದ್ದರು. ವಿದ್ಯಾವತಿ ಹೇಳಿದಳು:

"ನಿನ್ನ ಪುರಾಣದಾಗ ಯಾರರೆ ಸತ್ರ ನಾ ಅಳತೇನಿ ಅಪ್ಪಾ. ಆದ್ರ ನಾ ಕೊಂದಿಲ್ಲ ಅಂತ ಗೊತ್ತಿರತೈತಿ. ಕೇಳವರ ಕೈ ಕಟ್ಟಿರತಾವ ನೋಡು. ಇಲ್ಲೆ ಹಂಗಲ್ಲ. ಬರದಾಂವ ಅಂವನ ಖರೆ, ಆದ್ರ ಗುಂಡಿ ಒತ್ತಿದಾಕಿ ನಾನು."

ಕಥೆ ಕೇಳಿದವರಿಗೆ ದುಃಖ, ಆಟ ಆಡಿದವರಿಗೆ ಪಶ್ಚಾತ್ತಾಪ. ಎರಡೂ ಒಂದೇ ಒಲೆಯ ಅಡಿಗೆಯಲ್ಲ ಎಂದು ಬಸಂತರಾಯರಿಗೆ ಅನ್ನಿಸಿತು. ನಲವತ್ತು ವರ್ಷ ತಾವು ಜನರನ್ನು ಅಳಿಸಿದ್ದು ನಿಜ, ಆದರೆ ಯಾರ ಕೈಗೂ ಏನನ್ನೂ ಒಪ್ಪಿಸಿರಲಿಲ್ಲ.

ಹನ್ನೊಂದು ತಿಂಗಳಲ್ಲಿ ಹುಡುಗಿ ಕಡೆಯ ಊರಿನ ಮುಂದೆ ಬಂದು ನಿಂತಿದ್ದಳು. ಆ ಊರಿಗೆ ದೊಡ್ಡ ಬಾಗಿಲು. ತಂದೆ ಮಗಳು ಅದನ್ನು ಅಗಸಿ ಎನ್ನುತ್ತಿದ್ದರು. ಅದರಾಚೆ ವಿದ್ಯಾವತಿ ಹೋಗುತ್ತಿರಲಿಲ್ಲ. ನಾಲ್ಕು ತಿಂಗಳು ದಿನಾ ಆಟ ತೆರೆದು, ಅಗಸಿಯ ಈ ಕಡೆ ಮುದುಕನ ಜೊತೆ ಅಡ್ಡಾಡಿ, ಹೇಳಿದ ಕಥೆಯನ್ನೇ ಮತ್ತೆ ಹೇಳಿಸಿ ಮುಚ್ಚಿಬಿಡುವಳು. ದಾರಿ ತಿಳಿಯದೆ ಸಿಕ್ಕಿಬಿದ್ದಿದ್ದಾಳೆ ಎಂದುಕೊಂಡಿದ್ದರು ಬಸಂತರಾಯರು.

ಬಸ್ಸಿನಲ್ಲಿ ಆ ಪ್ರಶ್ನೆ ಕೇಳಿದ ಮುಂದಿನ ವಾರವೇ ಉಸಿರು ಕಟ್ಟಿ ಅವಳು ಸೊಲ್ಲಾಪುರದಲ್ಲಿ ಒಂಬತ್ತು ದಿನ ಮಲಗಬೇಕಾಯಿತು. ಗುರವ್ವನನ್ನು ಅವಳ ಹತ್ತಿರ ಬಿಟ್ಟು, ಬಟ್ಟೆಬರೆ ಒಯ್ಯಲು ಬಸಂತರಾಯರು ಒಂದು ದಿನ ಮನೆಗೆ ಬಂದರು. ಮಗಳ ಮಂಚ ಬರಿದಾಗಿತ್ತು. ಪಕ್ಕದ ಕಂಪ್ಯೂಟರಿಗೆ ಅವಳ ಹಳೆಯ ದುಪಟ್ಟಾ ಹೊದಿಸಿತ್ತು. ಅಗಸಿ ದಾಟುವ ದಾರಿ ತಾನೇ ಹುಡುಕಿಟ್ಟರೆ ಬಂದಾಗ ಖುಷಿಪಟ್ಟಾಳು ಎಂಬ ಆಸೆ ಹುಟ್ಟಿತು. ಅವಳು ಮಾಡುವುದನ್ನು ನೋಡಿದ್ದ ನೆನಪಿನ ಮೇಲೆ ತೆರೆದರು. ಅಗಸಿ ಕಾಣಲಿಲ್ಲ. ಮೊದಲ ಊರು ಕಂಡಿತು, ಹುಡುಗಿ ಖಾಲಿ ಗಡಿಗೆ ಹಿಡಿದು ನಿಂತಿದ್ದಳು. ನಡೆಯುತ್ತ ಹೋದರೆ ಅಗಸಿ ಬಂದೀತು ಎಂದು ಸ್ವಲ್ಪ ದೂರ ನಡೆಸಿದರು. ಅಷ್ಟರಲ್ಲಿ ಸೊಲ್ಲಾಪುರದ ಬಸ್ಸಿನ ಹೊತ್ತಾಯಿತು.

ಮುಚ್ಚುವ ಮೊದಲು ಮಗಳು ಯಾವಾಗಲೂ ಒಂದು ಶಬ್ದದ ಮೇಲೆ ಒತ್ತುತ್ತಿದ್ದುದು ಅವರಿಗೆ ಗೊತ್ತಿತ್ತು. ಇಂಗ್ಲಿಷಿನ ನಾಲ್ಕು ಅಕ್ಷರ. ಅವರು ಒಮ್ಮೆ ಅಕ್ಷರ ಕೂಡಿಸಿ 'ಸವೆ' ಎಂದು ಓದಿದ್ದಕ್ಕೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕು, ಅದು ಸೇವ್, ಹಾಗಂದರೆ ಉಳಿಸು, ಆಟದಲ್ಲಿ ಉಳಿಸಿಡಲು ಇರುವುದು ಒಂದೇ ಜಾಗ, ಎರಡೆರಡು ಬಾಳು ಬಾಳಬಾರದೆಂದು ಕಟ್ಟಿದವನು ಬೇಕೆಂದೇ ಹಾಗೆ ಮಾಡಿದ್ದಾನೆ ಎಂದಿದ್ದಳು. ಅವರು ಅದರ ಮೇಲೆ ಒತ್ತಿದರು. ಪರದೆ ಇಂಗ್ಲಿಷಿನಲ್ಲಿ ಏನೋ ಉದ್ದ ಪ್ರಶ್ನೆ ಕೇಳಿತು. ಅದರಲ್ಲಿ ಅವರಿಗೆ ತಿಳಿದದ್ದು ಆ ಒಂದೇ ಶಬ್ದ. ಉಳಿಸಲೇನು ಎಂದು ಕೇಳಿದರೆ ಯಾವ ತಂದೆ ಬೇಡ ಎಂದಾನು? ಹೌದು ಎಂದು ಒತ್ತಿ, ದುಪಟ್ಟಾ ಹೊದಿಸಿ ಹೋದರು.

ಮನೆಗೆ ಬಂದ ಮೂರನೆಯ ದಿನ ವಿದ್ಯಾವತಿ ಆಟ ತೆರೆದಳು. ಮುಚ್ಚಿ ಮತ್ತೆ ತೆರೆದಳು. ಬಸಂತರಾಯರಿಗೆ ತಮ್ಮ ಕೈಯಿಂದ ಏನೋ ಆಗಿದೆ ಎಂದು ತಿಳಿಯಿತು. ಮಾಡಿದ್ದನ್ನು ಮಾಡಿದ ಹಾಗೆಯೇ ಹೇಳಿದರು. ಉಳಿಸಿಡುವ ಆ ಒಂದೇ ಜಾಗದಲ್ಲಿ, ಹನ್ನೊಂದು ತಿಂಗಳ ದಾರಿಯನ್ನು ಅಳಿಸಿ ಅವರ ಹತ್ತು ಮಾರು ದಾರಿ ಕೂತುಬಿಟ್ಟಿತ್ತು.

"ನಿನಗ ದಾರಿ ಹುಡುಕಿ ಕೊಡೂಣಂತ ಮಾಡಿದ್ದೆ ಯವ್ವಾ. ನೀ ಸಿಕ್ಕೊಂಡಿದ್ದಿ ಅಂತ…"

"ಸಿಕ್ಕೊಂಡಿರಲಿಲ್ಲಪ್ಪ. ನಿಂತಿದ್ದೆ."

ಅಗಸಿ ತೆರೆಯಲು ಒಂದು ಗುಂಡಿ ಸಾಕು, ಆದರೆ ಮುದುಕ ಆಚೆ ಬರುವುದಿಲ್ಲ, ಅವನ ದಾರಿ ಅಲ್ಲಿಗೆ ಮುಗಿಯುತ್ತದೆ ಎಂದು ಸುಭಾಸ ಬಾಯಿ ತಪ್ಪಿ ಹೇಳಿಬಿಟ್ಟಿದ್ದನಂತೆ. ಅದಕ್ಕೇ ನಿಂತಿದ್ದಳು. ಬಸಂತರಾಯರು ತಲೆ ಮೇಲೆತ್ತಲಿಲ್ಲ. ಅವಳೇ ಅವರ ಕೈ ಹಿಡಿದು ಗುಂಡಿಗಳ ಮೇಲಿಟ್ಟಳು. ತನ್ನ ಬೆರಳು ಬಾತಿವೆ, ಮೊದಲಿಂದ ನೀನೇ ನಡೆಸು, ದಾರಿ ನಾನು ಹೇಳುತ್ತೇನೆ ಎಂದಳು.

ಹೀಗೆ ಪುರಾಣ ಹೇಳುವವರು ಕೆಂಡ ಹೊತ್ತು ಹೊರಟರು. ಸೋಮವಾರ, ಗುರುವಾರ ಸೊಲ್ಲಾಪುರ, ಉಳಿದ ದಿನ ಮಧ್ಯಾಹ್ನ ಈ ದಾರಿ. ಹಳ್ಳಕ್ಕೆ ಬಿದ್ದರು, ಕೆಂಡ ಆರಿಸಿಕೊಂಡರು, ಹಿಂದಕ್ಕೆ ಹೋಗಿ ಮತ್ತೆ ತಂದರು. ಮುದುಕ ಜೊತೆಯಾದ ದಿನ ತಮಗೇ ತಿಳಿಯದೆ "ಬರ್ರಿ ಅಜ್ಜಾರ" ಎಂದುಬಿಟ್ಟರು. ಗುರವ್ವ ಒಳಗಿನಿಂದ ಬಂದು ಯಾರು ಬಂದರೆಂದು ನೋಡಿ, ಹಣೆ ಬಡಿದುಕೊಂಡು ಹೋದಳು. ವಿದ್ಯಾವತಿ ನಗುತ್ತ ನಗುತ್ತ ಕೆಮ್ಮಿದಳು.

ಐದು ವಾರಕ್ಕೆ ಅಗಸಿ ಬಂತು. ಅಷ್ಟರಲ್ಲಿ ಅವಳಿಗೆ ಎದ್ದು ಕೂರಲು ಎರಡು ದಿಂಬು ಬೇಕಾಗಿದ್ದವು.

ಬಸಂತರಾಯರು ಅಗಸಿಯ ಮುಂದೆ ನಿಂತರು. ಅತ್ತ ಹೋದರು, ಇತ್ತ ಬಂದರು. ಮುದುಕನಿಂದ ಕಥೆ ಹೇಳಿಸಿದರು. ಎರಡನೆಯ ದಿನವೂ ಅಷ್ಟೇ ಮಾಡಿದರು. ಆಟಕ್ಕೆ ಕೂತ ಮೂರನೆಯ ದಿನ ಬುಧವಾರ. ವಿದ್ಯಾವತಿ ಮಂಚದ ಮೇಲಿನಿಂದ ನೋಡುತ್ತ ಮೆಲ್ಲಗೆ ಹೇಳಿದಳು:

"ಅಪ್ಪಾ, ಅಜ್ಜನ್ನ ಚಂದಗೆ ನೋಡು. ಬ್ಯಾರೆ ಎಲ್ಲಾ ಊರಾಗ ಅಂವ ಕುಂಡರತಿದ್ದ. ಇಲ್ಲೆ ಎಲ್ಲೆರೆ ಕುಂತಾನೇನು?"

ಅವರು ನೋಡಿದರು. ಮುದುಕ ನಿಂತೇ ಇದ್ದ. ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಿಸುವನು, ಕೋಲು ಊರುವನು, ಕೆಮ್ಮುವನು, ಮತ್ತೆ ನಿಲ್ಲುವನು. ಅಗಸಿಯ ಪಕ್ಕದಲ್ಲೇ ಒಂದು ಕಟ್ಟೆ ಇತ್ತು. ಅದರ ಕಡೆ ನೋಡುವನು, ಹೋಗಲಾರ.

"ನಾಕ ತಿಂಗಳಾ ಉಳಿಸೇನಿ ಅಂತ ತಿಳಕೊಂಡಿದ್ದೆ ನಾನು. ಉಳಿಸಿರಲಿಲ್ಲಪ್ಪ. ನಿಂದರಿಸಿದ್ದೆ. ದವಾಖಾನ್ಯಾಗ ಮಲಗಿದಾಗ ತಿಳೀತು."

ಹೊರಗೆ ಯಾರೋ ಎತ್ತಿಗೆ ನೀರು ಕುಡಿಸುತ್ತಿದ್ದ ಸಿಳ್ಳು ಕೇಳುತ್ತಿತ್ತು. ಬಸಂತರಾಯರು ಗುಂಡಿಯ ಮೇಲೆ ಬೆರಳಿಟ್ಟು ಎಷ್ಟು ಹೊತ್ತು ಕೂತರೋ. ಒತ್ತಿದರು. ಅಗಸಿ ತೆರೆಯಿತು. ಮುದುಕ ಗಡಿಗೆಯನ್ನು ಹುಡುಗಿಯ ಕೈಗೆ ಕೊಟ್ಟ. ಕಟ್ಟೆಯ ಹತ್ತಿರ ಹೋಗಿ, ಕೋಲು ಪಕ್ಕಕ್ಕಿಟ್ಟು, ಬೆನ್ನು ಆನಿಸಿ ಕೂತ. ಕೂತವನ ಭುಜ ಮೆಲ್ಲಗೆ ಇಳಿಯಿತು. ಹುಡುಗಿ ಒಳಗೆ ಕಾಲಿಟ್ಟಳು, ಹಿಂದೆ ಅಗಸಿ ಮುಚ್ಚಿಕೊಂಡಿತು.

ಬಸಂತರಾಯರು ಹೆಗಲ ಮೇಲಿನ ವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಅತ್ತರು. ನಲವತ್ತು ವರ್ಷ ಅವರ ಮುಂದೆ ಕೂತು ಅತ್ತವರು ಯಾರೂ ಹಾಗೆ ಅತ್ತಿರಲಿಲ್ಲ. ಅದು ಬರೆದಿಟ್ಟದ್ದು, ಹಾಗೆಯೇ ಆಗಬೇಕಿತ್ತು ಎಂದು ವಿದ್ಯಾವತಿ ಸಮಾಧಾನ ಹೇಳಿದಳು.

"ಇಲ್ಲವ್ವಾ," ಎಂದರು. "ನಾ ಒತ್ತಿದ್ದು."

ಅವಳು ಕೈ ಚಾಚಿದಳು. ಸೂಜಿಯ ಕಲೆಗಳಿಂದ ಕಪ್ಪಾದ ಆ ಕೈಯನ್ನು ಅವರು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವಳು ಬಸ್ಸಿನಲ್ಲಿ ಕೇಳಿದ್ದನ್ನು ಮತ್ತೆ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಸಂತರಾಯರು ಹೂಂ ಎಂದರು. ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ, ದನಿ ಗಟ್ಟಿ ಮಾಡಿಕೊಂಡು, ಹೂಂ ಎಂದರು.

ಮರುದಿನ ಗುರುವಾರ. ಸೊಲ್ಲಾಪುರದ ಬಸ್ಸು ಎಂದಿನ ಹೊತ್ತಿಗೆ ಹೋಯಿತು. ಗುರವ್ವ ಎದ್ದಾಗಿನಿಂದ ತೊಳೆದ ಪಾತ್ರೆಯನ್ನೇ ತೊಳೆಯುತ್ತಿದ್ದಳು. ಬಿಸಿಲು ಅಂಗಳಕ್ಕಿಳಿದ ಮೇಲೆ ವಿದ್ಯಾವತಿ ನೀರು ಕೇಳಿದಳು. ಕುಡಿದ ನೀರು ಹೊರಗೆ ಹೋಗುವ ದಾರಿಯಿಲ್ಲದ ದೇಹ ಅದು. ಎರಡು ವರ್ಷ ದಿನಕ್ಕೆ ಎರಡು ಲೋಟ ಮಾತ್ರ, ಅದೂ ಗುಟುಕು ಗುಟುಕಾಗಿ ಅಳೆದು ಕೊಟ್ಟದ್ದನ್ನು ಕುಡಿದು ಬಾಳಿದ್ದಳು. ಬಸಂತರಾಯರು ಲೋಟ ಹುಡುಕಲಿಲ್ಲ. ನೀರಿನ ಹರವಿಯಿಂದ ತಂಬಿಗೆ ತುಂಬ ತಂದರು.

ಅವಳು ಎರಡೂ ಕೈಯಲ್ಲಿ ಹಿಡಿದು ಎತ್ತಿ ಕುಡಿದಳು. ಉಸಿರಿಗೆ ನಿಂತಳು, ಮತ್ತೆ ಕುಡಿದಳು. ಗದ್ದದಿಂದ ಇಳಿದ ನೀರು ಎದೆಯ ಮೇಲಿನ ಬಟ್ಟೆ ತೋಯಿಸಿತು.

"ಎಷ್ಟ ತಣ್ಣಗೈತಿ," ಎಂದಳು. "ಇನ್ನೊಂದೀಟ ಕೊಡಪ್ಪಾ."

ಬಸಂತರಾಯರು ತಂಬಿಗೆ ತೆಗೆದುಕೊಂಡು ಹರವಿಯ ಕಡೆ ಹೋದರು. ಮಗಳಿಗೆ ಕಾಣದ ಹಾಗೆ ಅಲ್ಲಿ ಸ್ವಲ್ಪ ಹೊತ್ತು ನಿಂತು, ತುಂಬಿಕೊಂಡು ಬಂದರು.