ಹೊಸ ನೀರಿನ ಗೆಂಡೆ

ಸವಣೂರಿನ ಗಾದಿ ಅಂಗಡಿಯ ಖಲಂದರನಿಗೆ ಇದ್ದದ್ದು ಒಂದೇ ಒಂದು ಚಟ. ಎಲೆ ಅಡಿಕೆಯಿಲ್ಲ, ತಂಬಾಕಿಲ್ಲ. ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ಅಂಗಡಿಯ ಬಾಗಿಲೆಳೆದನೆಂದರೆ, ಸೈಕಲ್ಲಿಗೆ ಗಾಳದ ಕೋಲು ಕಟ್ಟಿಕೊಂಡು ಯಲವಿಗಿ ಕಡೆಯ ಕೆರೆಯ ದಂಡೆಗೆ ಹೋಗಿ ಕೂರುವುದು. ಮೊದಲೆಲ್ಲ ಸಂಜೆ ಮರಳುವಾಗ ಸೈಕಲ್ ಹ್ಯಾಂಡಲ್ಲಿಗೆ ಮೊಳಕೈ ಉದ್ದದ ಗೆಂಡೆ ಮೀನು ತೂಗುತ್ತಿತ್ತು. ಈಗೀಗ ಬೆರಳುದ್ದದ ಮರಿ ಸಿಕ್ಕರೆ ಅದೇ ಹೆಚ್ಚು. ಕೆರೆಯಲ್ಲಿ ನೀರಿದೆ, ಮೀನಿಲ್ಲ.

"ಇಂಥಾವು ಹಿಡ್ಕೊಂಡ ಬರೂಕಿಂತ ಅಂಗಡ್ಯಾಗ ಕುಂತು ಸೊಳ್ಳಿ ಹೊಡದಿದ್ರ ಚಲೋ ಇತ್ತು" ಎಂದು ಹೆಂಡತಿ ಮುನವ್ವರಾ ಛೇಡಿಸುತ್ತಿದ್ದಳು.

ಈ ಸಲ ಮಾತ್ರ ಅವನು ಬರಿಗೈಯಲ್ಲಿ ಮರಳುವ ಹಾಗಿರಲಿಲ್ಲ. ಮಗಳು ಮಾಹೀರಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಬಸುರಿಯಾದಾಗಿನಿಂದ ಅವಳ ಹೊಟ್ಟೆಯಲ್ಲಿ ಅನ್ನ ನಿಂತದ್ದು ಕಡಿಮೆ. ಕೆನ್ನೆ ಒಳಗೆ ಹೋಗಿದ್ದವು. ಬರುವ ಭಾನುವಾರ ಏಳು ತಿಂಗಳ ಕುಬಸ, ಅಂದರೆ ಸೀಮಂತದ ಶಾಸ್ತ್ರ; ಹಾನಗಲ್ಲಿನಿಂದ ಬೀಗರು ಬರುವವರಿದ್ದರು. "ಏನ ತಿನ್ನಬೇಕ ಅನಸ್ತೈತಿ, ಬಾಯಿ ಬಿಟ್ಟ ಹೇಳವ್ವಾ" ಎಂದು ಖಲಂದರ ಕೇಳಿದ್ದಕ್ಕೆ ಅವಳು ಬಹಳ ಹೊತ್ತು ಯೋಚಿಸಿ ಹೇಳಿದ್ದಳು:

"ನೀ ಗಾಳಾ ಹಾಕಿ ತಂದ ಗೆಂಡಿ, ಅಪ್ಪಾ. ತತ್ತಿ ಇರೂವಂಥಾದ್ದು. ನಾ ಸಣ್ಣಾಕಿದ್ದಾಗ ತರ್ತಿದ್ದೆಲ್ಲಾ, ಹಂಗಿಂದು."

"ತರ್ತೇನಿ" ಎಂದುಬಿಟ್ಟಿದ್ದ ಖಲಂದರ. ತಿಂಗಳುಗಟ್ಟಲೆ ಏನನ್ನೂ ಬೇಡದ ಮಗಳು ಬಾಯಿಬಿಟ್ಟು ಕೇಳಿದ್ದಾಳೆ. ಇಲ್ಲವೆನ್ನುವುದು ಹೇಗೆ?

ದೈವಕ್ಕೆ ಅದೇ ವಾರ ಮುಂಗಾರು ಬಿತ್ತು. ಕೆರೆಗೆ ನೀರು ತರುವ ಹಳ್ಳ ಕೆಂಪಗೆ ತುಂಬಿ ಹರಿಯಿತು. ಹೊಸ ನೀರು ಬಂದಿತೆಂದರೆ ಹೊಟ್ಟೆ ತುಂಬ ತತ್ತಿ ಹೊತ್ತ ಮೀನು ಕೆರೆಯಿಂದ ಹಳ್ಳಕ್ಕೆ ಏರುತ್ತವೆ. ಇದು ಸುತ್ತಿನ ಊರಿನವರಿಗೆಲ್ಲ ಗೊತ್ತು. ಆ ವಾರ ಖಲಂದರನ ಅಂಗಡಿಯಲ್ಲಿ ಗಾದಿಗಿಂತ ಸೊಳ್ಳೆ ಪರದೆಯೇ ಹೆಚ್ಚು ಹೋದವು. ಜನ ಡೆಂಗ್ಯೂ ಜ್ವರಕ್ಕೆ ಹೆದರಲು ಕಲಿತರಲ್ಲ ಎಂದು ಅವನಿಗೆ ಸಮಾಧಾನ. ಮುನವ್ವರಾ ಹೊಲಿಗೆ ಯಂತ್ರದ ಮುಂದೆ ಕುಳಿತು, ಪ್ರತಿ ಪರದೆಯ ಅಂಚಿಗೂ ಕೆಂಪು ಪಟ್ಟಿ ಹಚ್ಚಿ ಹಚ್ಚಿ ಸುಸ್ತಾಗಿದ್ದಳು.

ಗುರುವಾರ ಸಂಜೆ ಹರಿಪ್ರಿಯಾ ಅಂಗಡಿಗೆ ಬಂದಳು. ಹಿಂದಿನ ಓಣಿಯ ಆಚಾರ್ಯರ ಮಗಳು, ಈಗ ಮೀನುಗಾರಿಕೆ ಇಲಾಖೆಯಲ್ಲಿ ನೌಕರಿ. ಹತ್ತಿ ಹಿಂಜಲು ಕೊಟ್ಟಿದ್ದ ಗಾದಿಯನ್ನು ಒಯ್ಯಲು ಬಂದವಳ ಕಣ್ಣು ಮೂಲೆಯಲ್ಲಿ ಒರಗಿಸಿದ್ದ ಗಾಳದ ಕೋಲಿನ ಮೇಲೆ ಬಿತ್ತು.

"ಕಾಕಾ, ನಾಳೆ ಎಲ್ಲೆ ಸವಾರಿ?"

"ಹಳ್ಳಕ್ಕವ್ವಾ. ನಿಮ್ಮ ಮಾಹೀರಾಗ ತತ್ತಿ ಗೆಂಡಿ ಬೇಕಂತ."

"ಈಗ ಬ್ಯಾಡ ಕಾಕಾ. ಮೀನು ತತ್ತಿ ಇಡೋ ಕಾಲ ಇದು. ಮುಂಗಾರು ಮುಗಿಯೋತನಕ ಈ ಕೆರ್ಯಾಗ, ಹಳ್ಳದಾಗ ಮೀನು ಹಿಡೀಬಾರ್ದಂತ ನಿಷೇಧ ಅದ. ಬಲಿಗಷ್ಟ ಅಲ್ಲ, ಗಾಳಕ್ಕೂ."

ಖಲಂದರನಿಗೆ ನಗು ತಡೆಯಲಿಲ್ಲ. "ಅಲ್ಲಬೇ, ಹುಟ್ಟಿದಾಗಿಂದ ಒಂದ ಮೀನ ಬಾಯಾಗ ಇಟ್ಟಾಕಿ ಅಲ್ಲ ನೀ. ನನಗ ಮೀನಿನ ಪಾಠಾ ಹೇಳಾಕ ಬಂದೀಯಲಾ!"

"ಅದಕ್ಕ ಇಲಾಖೆಯವ್ರು ನನ್ನ ಇಟ್ಕೊಂಡಾರ ನೋಡ್ರಿ. ನಿಮಗ ಮೀನ ಕಂಡ್ರ ಸಾರು ಕಾಣ್ತದ, ನನಗ ಮೀನ ಕಾಣ್ತದ."

ಮುನವ್ವರಾ ಯಂತ್ರ ನಿಲ್ಲಿಸಿ ಬಿದ್ದು ಬಿದ್ದು ನಕ್ಕಳು. ಖಲಂದರ ಸೋಲೊಪ್ಪಲಿಲ್ಲ.

"ಬಲೀ ಹಾಕಿ ಬಳಕೊಂಡ ಹೋಗೋರ್ನ ಬಿಟ್ಟು ನನ್ನ ಹಿಡದಿ. ನಾ ಒಬ್ಬಾಂವ, ನಂದೊಂದು ಗಾಳ. ನನ್ನೊಬ್ಬನಿಂದ ಕೆರಿ ಖಾಲಿ ಆಗತೈತೇನು?"

"ಒಂದು ಗೆಂಡಿ ಹೊಟ್ಟ್ಯಾಗ ಸಾವಿರಗಟ್ಟಲೆ ತತ್ತಿ ಇರ್ತಾವ ಕಾಕಾ. ಕಪ್ಪಿ ತಿಂದು, ಹಕ್ಕಿ ತಿಂದು ಅಷ್ಟಿಷ್ಟು ಉಳೀತಾವ. ಆ ಉಳದದ್ದ ನಿಮ್ಮ ಕೆರಿ. ಇಡೋಕಿಂತ ಮೊದಲ ತಾಯೀನ ಎತ್ತಿದ್ರ ಏನ ಉಳೀತದ?"

"ಸರಕಾರದವ್ರು ಮರಿ ತಂದ ಬಿಡ್ತಾರಲಾ?"

"ಬಿಡ್ತಾರ. ಬೆರಳುದ್ದ ಇದ್ದಾಗನ ನೀವು ಮನೀಗೆ ತರ್ತೀರಿ. ಅವು ಬೆಳಿಯೂದು ಯಾವಾಗ, ನಿಮ್ಮ ಸೈಕಲ್ ಮ್ಯಾಲೇನು?" ಎಂದಳು ಹರಿಪ್ರಿಯಾ. ಆಮೇಲೆ ದನಿ ತಗ್ಗಿಸಿ, "ಮಾಹೀರಾಗ ಮೀನ ತಿನ್ನಬೇಕಂದ್ರ ಫಕ್ಕೀರಪ್ಪನ ಕೃಷಿ ಹೊಂಡದಾಗ ಸಾಕಿದ ಮೀನ ಅದಾವ. ಅವಕ್ಕ ಈ ನಿಷೇಧ ಇಲ್ಲ" ಎಂದು ಸೇರಿಸಿದಳು.

"ಅಕಿ ಹೊಂಡದ್ದ ಕೇಳಿಲ್ಲವ್ವಾ. ನನ್ನ ಕೈಯಾಂದ ಕೇಳ್ಯಾಳ."

ಹರಿಪ್ರಿಯಾ ಗಾಳದ ಕೋಲಿನತ್ತ ಇನ್ನೊಮ್ಮೆ ನೋಡಿದಳು. ಗಾದಿ ಹೊರಿಸಿಕೊಂಡು ಹೋದಳು.

ಮರುದಿನ ಖಲಂದರ ಹಳ್ಳ ಕೆರೆಗೆ ಸೇರುವ ಬಾಯಿಯಲ್ಲಿ ಗಾಳ ಹಾಕಿದ. ಸರಿಯಾಗಿ ಕೂರುವ ಮೊದಲೇ ದಾರ ಜಗ್ಗಿತು. ಎಷ್ಟೋ ವರ್ಷಗಳಿಂದ ಕೈ ಮರೆತಿದ್ದ ಭಾರ ಅದು. ಮೆಲ್ಲಗೆ ಎಳೆದು ದಂಡೆಗೆ ತಂದರೆ, ತುಂಬು ಹೊಟ್ಟೆಯ ಗೆಂಡೆ! ಎರಡೂ ಕೈಯಲ್ಲಿ ಎತ್ತಿಕೊಂಡ. ಅಂಗೈಗೆ ಏನೋ ಜಿಗುಟು ತಾಕಿತು. ನೋಡಿದರೆ ಹಳದಿ ರವೆಯಂಥ ತತ್ತಿ. ಮಗಳ ಮುಖ ಅರಳುವುದು ಅವನ ಕಣ್ಣ ಮುಂದೆ ಬಂತು.

ಅಷ್ಟರಲ್ಲಿ ಮೇಲ್ಗಡೆಯಿಂದ ಗದ್ದಲ ಕೇಳಿಸಿತು. ಹಳ್ಳದ ತಿರುವಿನಲ್ಲಿ ಏಳೆಂಟು ಮಂದಿ ನೀರಿಗಿಳಿದು, ಈ ದಂಡೆಯಿಂದ ಆ ದಂಡೆಗೆ ಬಟ್ಟೆ ಹಿಡಿದು ನಿಂತಿದ್ದರು. ಬಟ್ಟೆಯ ಅಂಚು ಕೆಂಪಗಿತ್ತು. ಖಲಂದರ ಕಣ್ಣು ಕಿರಿದುಮಾಡಿ ನೋಡಿದ. ಅದು ಬಟ್ಟೆಯಲ್ಲ. ಅವನದೇ ಅಂಗಡಿಯ ಸೊಳ್ಳೆ ಪರದೆ. ಅದರ ಹಿಂದೆ ಇನ್ನೊಂದು, ಆಚೆ ಮತ್ತೊಂದು. ಎಲ್ಲಕ್ಕೂ ಮುನವ್ವರಾ ಹಚ್ಚಿದ ಕೆಂಪು ಪಟ್ಟಿ.

"ಖಲಂದರಣ್ಣಾ, ನಿನ್ನ ಪರದೆ ಭಾಳ ಗಟ್ಟಿ ಬಿಡಪಾ! ಒಂದ ಸೊಳ್ಳಿ ಪಾರಾಗವಲ್ದು!" ಎಂದು ಕೂಗಿದವನು ಮೈಲಾರಪ್ಪ. ಪ್ರತಿ ಶುಕ್ರವಾರ ದಂಡೆಯ ಮೇಲೆ ಪಕ್ಕದಲ್ಲೇ ಕೂತು ಗಾಳ ಹಾಕುವ ಗೆಳೆಯ.

ಪರದೆ ಎತ್ತಿ ಅವನಿಗೆ ಕಾಣುವಂತೆ ಹಿಡಿದರು. ಒಳಗೆ ದೊಡ್ಡವು ನಾಲ್ಕಾರು ಇದ್ದವು. ಅವುಗಳಡಿ ಉಗುರಿನಷ್ಟು ಮರಿಗಳು ಮುದ್ದೆಯಾಗಿ ವಿಲಿವಿಲಿ ಒದ್ದಾಡುತ್ತಿದ್ದವು.

"ಇಷ್ಟ ಸಣ್ಣವ್ನ ಏನ ಮಾಡ್ತಿಯೋ ಮಾರಾಯಾ?"

"ಎಣ್ಣ್ಯಾಗ ಕರಿಯೂದು! ನನ್ನೊಬ್ಬನ ಪರದ್ಯಾಗ ಕೆರಿ ಖಾಲಿ ಆಗತೈತೇನು, ಬಿಡ."

ನಿನ್ನೆ ಅಂಗಡಿಯಲ್ಲಿ ಖಲಂದರ ತಾನೇ ಆಡಿದ ಮಾತು ಅದು. ಹಳ್ಳದುದ್ದಕ್ಕೂ ನೋಡಿದ. ಗಾಳ ಹಿಡಿದವನು, ಬುಟ್ಟಿ ಹಿಡಿದವನು, ಪರದೆ ಹಿಡಿದವನು, ಎಲ್ಲರೂ ಒಬ್ಬೊಬ್ಬರೇ. ಯಾರನ್ನು ಕೇಳಿದರೂ ಇದನ್ನೇ ಹೇಳಿಯಾರು.

ಕೈಯಲ್ಲಿದ್ದ ಗೆಂಡೆ ಬಾಯಿ ತೆರೆದು ಮುಚ್ಚುತ್ತಿತ್ತು. ಅವನು ಅದನ್ನು ನೀರಿಗಿಳಿಸಿ ಹಿಡಿದು ಗಾಳದ ಮುಳ್ಳು ಬಿಡಿಸಿದ. ಹರಿವಿಗೆ ಮುಖ ಮಾಡಿಸಿ, ಉಸಿರು ತಿರುಗುವವರೆಗೆ ಕೈ ಆನಿಸಿದ. ಬಾಲ ಒಮ್ಮೆ ಅವನ ಮಣಿಕಟ್ಟಿಗೆ ಬಡಿಯಿತು. ಮೀನು ಹೋಯಿತು.

"ಏ, ಹುಚ್ಚ ಹಿಡೀತೇನೋ ನಿನಗ?"

"ಹಿಡದಿತ್ತಪಾ. ಈಗ ಬಿಡ್ತು." ಖಲಂದರ ಪರದೆಯ ಹತ್ತಿರ ಹೋದ. "ಮೈಲಾರಿ, ಮುಂದಿನ ವರ್ಷ ನಾವಿಬ್ರು ದಂಡಿ ಮ್ಯಾಲ ಕುಂತು ಏನ ಹಿಡಿಯೂಣು, ಹೇಳು? ಕಪ್ಪಿ? ಪರದೆ ಕೆಳಗ ಮಾಡು. ಮನೀಗೆ ಒಯ್ದು ಮಂಚಕ್ಕ ಕಟ್ಟು."

ಮೈಲಾರಪ್ಪ ಗೊಣಗಿದ. ಮರಿಗಳನ್ನು ನೀರಿಗೆ ಬಿಟ್ಟ. ದೊಡ್ಡವನ್ನು ಬಿಡಲು ಮಾತ್ರ ಕೈ ಬರಲಿಲ್ಲ. ಅವತ್ತಿಗೆ ಅಷ್ಟೇ ಆದದ್ದು.

ಮನೆಯ ಬಾಗಿಲಲ್ಲಿ ಮಾಹೀರಾ ಕಾಯುತ್ತ ನಿಂತಿದ್ದಳು. ಹ್ಯಾಂಡಲ್ಲಿನಲ್ಲಿ ಏನೂ ಇಲ್ಲದ್ದು ಕಂಡು ಅವಳ ಮುಖ ಸಣ್ಣಗಾಯಿತು. ಖಲಂದರ ನೆಲಕ್ಕೆ ಕುಳಿತು, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ.

"ಅಂದ್ರ, ಸಿಕ್ಕ ಮೀನ ಬಿಟ್ಟ ಬಂದ್ರಿ? ಇಷ್ಟ ವರ್ಷಕ್ಕ ಒಂದ ದೊಡ್ಡದು ಸಿಕ್ಕಿತ್ತು!" ಎಂದಳು ಮುನವ್ವರಾ.

ಮಾಹೀರಾ ಹೊಟ್ಟೆಯ ಮೇಲೆ ಕೈಯಿಟ್ಟು ನಕ್ಕಳು. "ಬಿಡವ್ವಾ. ಅದೂ ಹಡಿಯಾಕ ತವರಿಗೆ ಹೊಂಟಿತ್ತೇನೋ. ನನಗ ಫಕ್ಕೀರಪ್ಪನ ಹೊಂಡದ್ದ ತರಸ್ರಿ. ಅಪ್ಪಾ ತೊಳದ ಕೊಟ್ರ ಅದೂ ಅಪ್ಪಾನ ಕೈಯಾಂದ."

ಭಾನುವಾರ ಕುಬಸದ ಮನೆ ತುಂಬಿತು. ಹರಿಪ್ರಿಯಾ ಹಸಿರು ಬಳೆ ತಂದಳು, ಅಡುಗೆಮನೆಯ ವಾಸನೆಗೆ ಮೂಗು ಮುಚ್ಚಿಕೊಂಡು ಪಡಸಾಲೆಯಲ್ಲೇ ಕುಳಿತಳು. ಮಾಹೀರಾ ಹೊಂಡದ ಮೀನಿನ ಸಾರಿಗೆ ರೊಟ್ಟಿ ಅದ್ದಿ ತಿಂದಳು. ಎಲ್ಲರೂ ಉಸಿರು ಹಿಡಿದು ಕಾದರು. ವಾಂತಿ ಬರಲಿಲ್ಲ. "ಇನ್ನೊಂದೀಟು ಹಾಕವ್ವಾ" ಎಂದಳು. ಖಲಂದರ ಎದ್ದು ಹೊರಗೆ ಹೋಗಿ ಕಣ್ಣೊರೆಸಿಕೊಂಡು ಬಂದ.

ಈಗ ಮಳೆಗಾಲದಲ್ಲಿ ಯಾರಾದರೂ ಪರದೆ ಕೇಳಿದರೆ ಖಲಂದರ "ಮಂಚಕ್ಕೋ, ಹಳ್ಳಕ್ಕೋ?" ಎನ್ನುತ್ತಾನೆ. ಹಳ್ಳಕ್ಕೆಂದರೆ ಕೊಡುವುದಿಲ್ಲ. ನಿಷೇಧ ಮುಗಿದ ಮೇಲೆ ಕೆರೆಯ ಮೀನುಗಾರರ ಸಂಘದಿಂದ ಅನುಮತಿ ಪಡೆದೇ ಗಾಳ ಹಾಕುತ್ತಾನೆ. ಮನೆಗೆ ಬೇಕಾದಷ್ಟು ಸಿಕ್ಕಿತೆಂದರೆ ಗಾಳದ ದಾರ ಸುತ್ತಿಬಿಡುತ್ತಾನೆ. ಮರಿ ಸಿಕ್ಕರೆ ನೀರಿಗೆ ಬಿಡುತ್ತಾನೆ. ಮೈಲಾರಪ್ಪನೂ ಬಿಡುತ್ತಾನೆ, ಗೊಣಗುತ್ತಲೇ.

ಓದುವ ಅಕ್ಕಂದಿರೇ, ಅಣ್ಣಂದಿರೇ, ಗಾಳ ಹಾಕುವುದು ತಪ್ಪಲ್ಲ. ಹಾಕುವ ಮುನ್ನ ನಿಮ್ಮ ಕೆರೆಯ ಗುತ್ತಿಗೆ ಯಾರದು, ಅನುಮತಿ ಬೇಕೇ, ಯಾವ ತಿಂಗಳು ನಿಷೇಧ ಎಂದು ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ಕೇಳಿಕೊಳ್ಳಿ. ಸೊಳ್ಳೆ ಪರದೆ, ವಿಷ, ಸಿಡಿಮದ್ದು, ಕರೆಂಟು ಇವನ್ನು ಎಂದೂ ನೀರಿಗೆ ಇಳಿಸಬೇಡಿ. ಈ ಮುಂಗಾರಿನಲ್ಲಿ ಹಳ್ಳಕ್ಕೆ ಹೊಸ ನೀರು ಬಂದಾಗ ಮಕ್ಕಳನ್ನು ಕರೆದುಕೊಂಡು ದಂಡೆಗೆ ಹೋಗಿ. ಕೆಂಪು ನೀರಿನಲ್ಲಿ ಮೀನು ಮೇಲೇರುವುದನ್ನು ತೋರಿಸಿ. ಹಿಡಿಯಬೇಡಿ, ನೋಡಿ. ಅದು ನಾಳೆಯ ಕೆರೆ, ನಿಮ್ಮ ಕಣ್ಣೆದುರೇ ಈಜುತ್ತಿದೆ.